ಕಾಪಿರೈಟ್ ಪ್ರಶ್ನೆ ಬಂದಾಗ ನಾನು ಎಲ್ಲಿ ಹುಡುಕುತ್ತೇನೆ

ಗ್ರಂಥಾಲಯದಲ್ಲಿ ನನಗೆ ಬರುವ ಕಾಪಿರೈಟ್ ಪ್ರಶ್ನೆಗಳು ಹೆಚ್ಚಾಗಿ ಎರಡು ಬಗೆ. 'ನನ್ನ ಲೇಖನವನ್ನು ರೆಪಾಸಿಟರಿಗೆ (ಸಂಸ್ಥೆಯ ಆನ್‌ಲೈನ್ ಸಂಗ್ರಹಕ್ಕೆ) ಹಾಕಬಹುದಾ?' ಅಥವಾ 'ಈ ಹಳೇ ಪುಸ್ತಕ ಸ್ಕ್ಯಾನ್ ಮಾಡಬಹುದಾ?' ಗೂಗಲ್ ಮಾಡಿದರೆ ಎರಡಕ್ಕೂ ಉತ್ತರ ಸಿಗುತ್ತದೆ. ಆದರೆ ಅದು ಯಾವ ದೇಶದ ಉತ್ತರ?

ಇಂಗ್ಲಿಷ್‌ನಲ್ಲಿ ಚೆನ್ನಾಗಿ ಬರೆದ ಗೈಡ್‌ಗಳಲ್ಲಿ ಬಹಳಷ್ಟು ಅಮೆರಿಕದ ವಿಶ್ವವಿದ್ಯಾಲಯಗಳವು. ಅವು ಹೇಳುವ 'ಫೇರ್ ಯೂಸ್', ಅಂದರೆ ಅನುಮತಿ ಕೇಳದೆ ಬಳಸುವ ಅವಕಾಶ, ಆ ದೇಶದ ಕಾಯ್ದೆಯ 107ನೇ ಸೆಕ್ಷನ್. ನಾಲ್ಕು ಅಂಶಗಳನ್ನು ತೂಗಿ ನೋಡಬೇಕು ಅನ್ನುತ್ತದೆ ಅದು. ಬ್ರಿಟನ್ ಮಾದರಿಯ 'ಫೇರ್ ಡೀಲಿಂಗ್' ಬೇರೆಯೇ. ಅಲ್ಲಿ ಸಂಶೋಧನೆ, ವಿಮರ್ಶೆ ಹೀಗೆ ಕಾಯ್ದೆ ಹೆಸರಿಸಿದ ಉದ್ದೇಶಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ನಾನು ಮೊದಲು ತೆರೆಯುವುದು ವೈಪೊ ಲೆಕ್ಸ್. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಉಚಿತ ಡೇಟಾಬೇಸ್ ಇದು. ದೇಶ ಆರಿಸಿದರೆ ಕಾಯ್ದೆಯೇ ಕೈಗೆ ಸಿಗುತ್ತದೆ. ತಿದ್ದುಪಡಿ ಸೇರಿದ ಪ್ರತಿ ಹೌದಾ ಅಂತ ಮಾತ್ರ ನೋಡಿಕೊಳ್ಳಬೇಕು. ಗೈಡ್ ಓದುವುದು ಆಮೇಲೆ.

ಲೇಖನದ ವಿಷಯಕ್ಕೆ ನಾನು ನೋಡುವುದು ಓಪನ್ ಪಾಲಿಸಿ ಫೈಂಡರ್ ಅನ್ನುವ ವೆಬ್‌ಸೈಟ್. ಹಳಬರಿಗೆ ಇದು ಶೆರ್ಪಾ ರೋಮಿಯೋ ಅಂದರೆ ಬೇಗ ಗೊತ್ತಾಗುತ್ತದೆ. ಜರ್ನಲ್ ಹೆಸರು ಕೊಟ್ಟರೆ ಯಾವ ಆವೃತ್ತಿಯನ್ನು, ಎಷ್ಟು ತಿಂಗಳ ನಂತರ, ಎಲ್ಲಿ ಹಾಕಬಹುದು ಅಂತ ತೋರಿಸುತ್ತದೆ. ಅಧ್ಯಾಪಕರು ತಂದುಕೊಡುವುದು ಪ್ರಕಾಶಕರು ಪುಟ ಕಟ್ಟಿದ ಪಿಡಿಎಫ್. ಅನುಮತಿ ಇರುವುದು ಬಹುಪಾಲು ಸ್ವೀಕೃತ ಹಸ್ತಪ್ರತಿಗೆ, ಅಂದರೆ ಪುಟ ಕಟ್ಟುವ ಮೊದಲಿನ ಅಂತಿಮ ಪ್ರತಿಗೆ! ಅದಕ್ಕೇ 'ವಿಮರ್ಶಕರು ಹೇಳಿದ ತಿದ್ದುಪಡಿ ಮುಗಿದ ಮೇಲಿನ ವರ್ಡ್ ಫೈಲ್ ಅಳಿಸಬೇಡಿ ಸಾರ್' ಅಂತ ಮೊದಲೇ ಹೇಳಿಟ್ಟಿರುತ್ತೇನೆ. ಅವರು ಸಹಿ ಹಾಕಿದ ಒಪ್ಪಂದವನ್ನೂ ಕೇಳಿ ಪಡೆಯುತ್ತೇನೆ. ವೆಬ್‌ಸೈಟ್ ಒಂದು ಹೇಳಿ ಒಪ್ಪಂದ ಇನ್ನೊಂದು ಹೇಳಿದರೆ ನಾನು ನಂಬುವುದು ಒಪ್ಪಂದವನ್ನೇ.

ಹಳೇ ಪುಸ್ತಕಗಳ ಕೆಲಸ ನಿಧಾನ. ಕಾಪಿರೈಟ್ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಪ್ರಕಾರ ಲೇಖಕರ ಮರಣಾನಂತರ ಕನಿಷ್ಠ 50 ವರ್ಷ ರಕ್ಷಣೆ. ಎಷ್ಟೋ ದೇಶಗಳಲ್ಲಿ ಅದು 70. ಮರಣದ ವರ್ಷ ತಿಳಿಯಲು ವಿಯಾಫ್ ನೋಡುತ್ತೇನೆ, ಹಲವು ದೇಶಗಳ ಗ್ರಂಥಾಲಯಗಳ ಲೇಖಕರ ದಾಖಲೆಗಳನ್ನು ಒಟ್ಟುಗೂಡಿಸಿದ ಡೇಟಾಬೇಸ್ ಅದು. ಅನುವಾದಕರನ್ನೂ ಚಿತ್ರ ಬರೆದವರನ್ನೂ ಹುಡುಕಬೇಕು, ಅವರ ಹಕ್ಕು ಪ್ರತ್ಯೇಕ. ಅಮೆರಿಕದಲ್ಲಿ ಪ್ರಕಟವಾದದ್ದಾದರೆ, ಹಕ್ಕು ಯಾವಾಗ ಮುಗಿಯುತ್ತದೆ ಅಂತ ತೋರಿಸುವ ಕಾರ್ನೆಲ್ ವಿಶ್ವವಿದ್ಯಾಲಯದ ಕೋಷ್ಟಕ ಇದೆ. ಅಮೆರಿಕದಲ್ಲಿ 1963ರವರೆಗಿನ ಪುಸ್ತಕಗಳ ಹಕ್ಕನ್ನು ನವೀಕರಿಸದಿದ್ದರೆ ಅದು ಮುಗಿದಂತೆ. ನವೀಕರಣ ಆಗಿದೆಯಾ ಅನ್ನುವುದು ಸ್ಟ್ಯಾನ್‌ಫರ್ಡ್‌ನ ಡೇಟಾಬೇಸ್‌ನಲ್ಲಿ ಸಿಗುತ್ತದೆ. ಸ್ಕ್ಯಾನ್ ಮಾಡಿದ ಪುಸ್ತಕಗಳ ಆನ್‌ಲೈನ್ ಭಂಡಾರ ಹಾತಿಟ್ರಸ್ಟ್‌ನಲ್ಲಿ ತೆರೆದಿದೆ ಅಂತ ಸುಮ್ನೆ ನಂಬುವ ಹಾಗಿಲ್ಲ. ಅಲ್ಲಿ ಕೆಲವು ಪುಸ್ತಕಗಳು ಅಮೆರಿಕದ ಓದುಗರಿಗೆ ಮಾತ್ರ ಮುಕ್ತ.

ಸ್ಕ್ಯಾನ್ ಮಾಡಿದ ಮೇಲೆ ಅದಕ್ಕೊಂದು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ (ಹಕ್ಕುದಾರರು ಇತರರಿಗೆ ಬಳಸಲು ಕೊಡುವ ಅನುಮತಿ) ಅಂಟಿಸುವ ಚಟ ನಮ್ಮವರಲ್ಲಿ ಇದೆ. ಹಕ್ಕು ಯಾರದೋ, ಲೈಸೆನ್ಸ್ ನಮ್ಮದಾ? ಅಂಥ ಕಡೆ ನಾನು ಕೃತಿಯ ಹಕ್ಕಿನ ಸ್ಥಿತಿಯನ್ನಷ್ಟೇ ತಿಳಿಸುವ ರೈಟ್ಸ್ ಸ್ಟೇಟ್‌ಮೆಂಟ್ಸ್‌ನ 12 ಹೇಳಿಕೆಗಳಲ್ಲಿ ಒಂದನ್ನು ಹಾಕುತ್ತೇನೆ. 'ಪರಿಶೀಲಿಸಿಲ್ಲ' ಅನ್ನುವುದಕ್ಕೂ 'ಪರಿಶೀಲಿಸಿದರೂ ನಿರ್ಧರಿಸಲಾಗಿಲ್ಲ' ಅನ್ನುವುದಕ್ಕೂ ಅದರಲ್ಲಿ ಬೇರೆ ಬೇರೆ ಹೇಳಿಕೆ ಇದೆ. ಎರಡನೆಯದನ್ನು ಹಾಕಿದಾಗ ಎಲ್ಲೆಲ್ಲಿ ಹುಡುಕಿದೆ, ಯಾವ ದಿನ ಅಂತ ಕ್ಯಾಟಲಾಗ್ ದಾಖಲೆಯಲ್ಲೇ ಬರೆದಿಡುತ್ತೇನೆ.