ಸೋಲುವ ತಂಡದ ಜೊತೆ ಉಳಿಯೋದು ಹೇಗೆ: ಶಾರ್ಕ್ಸ್ ಜೊತೆ ನನ್ನ ಅನುಭವ

ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಶಾರ್ಕ್ಸ್ ಐಸ್ ಹಾಕಿ ತಂಡ 2019ರ ನಂತರ ಸತತ ಆರು ಸೀಸನ್ ಪ್ಲೇಆಫ್ ಮುಖ ನೋಡಲಿಲ್ಲ. 2023-24ರಲ್ಲಿ 82 ಪಂದ್ಯ ಆಡಿ ಗೆದ್ದಿದ್ದು 19. ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ 32 ತಂಡಗಳಲ್ಲಿ ಕೊನೆಯ ಸ್ಥಾನ. ಮುಂದಿನ ವರ್ಷ 20 ಗೆದ್ದರು, ಮತ್ತೆ ಕೊನೆಯ ಸ್ಥಾನ. ನಾನು ಈ ತಂಡವನ್ನು ಅತಿ ಹೆಚ್ಚು ನೋಡಿದ್ದು ಇದೇ ವರ್ಷಗಳಲ್ಲಿ. ಬೇ ಏರಿಯಾದಲ್ಲಿರುವ ನನ್ನ ಕನ್ನಡದ ಗೆಳೆಯರಲ್ಲಿ ಬಹಳ ಜನ ವಾರಿಯರ್ಸ್ ಬಾಸ್ಕೆಟ್‌ಬಾಲ್ ತಂಡದ ಕಡೆಯವರು. 2015, 2017, 2018, 2022, ನಾಲ್ಕು ಸಲ ಕಪ್ ಗೆದ್ದ ತಂಡ ಪಕ್ಕದಲ್ಲೇ ಇರುವಾಗ ನೀನು ಯಾಕೆ ಇವರ ಹಿಂದೆ ಬಿದ್ದಿದ್ದೀಯ ಅಂತ ಕೇಳುತ್ತಾರೆ. ಯಾಕೆ ಅನ್ನೋದಕ್ಕಿಂತ ಹೇಗೆ ಅಂತ ಹೇಳಿದರೆ ಜಾಸ್ತಿ ಉಪಯೋಗ ಅನ್ನಿಸಿ ಬರೆಯುತ್ತಿದ್ದೇನೆ.

ನಾನು ವಿರಾಜಪೇಟೆಯ ಕಡೆಯವನು. ನಮ್ಮಲ್ಲಿ ಹಾಕಿ ಅಂದರೆ ಏನು ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ ನಾನು ಶಾಲೆಗೆ ಹೋಗುವ ಹುಡುಗ. ಅಲ್ಲಿ ಮನೆತನಕ್ಕೊಂದು ತಂಡ, ಒಂದೇ ತಂಡದಲ್ಲಿ ಅಜ್ಜನೂ ಇರಬಹುದು, ಸೊಸೆಯೂ ಇರಬಹುದು, ಮೊದಲ ಸುತ್ತಲ್ಲೇ ಸೋತ ಮನೆಯವರು ಫೈನಲ್ ತನಕ ಮೈದಾನ ಬಿಟ್ಟು ಹೋಗೋದಿಲ್ಲ. ಸೋತ ಮೇಲೂ ಆಟ ನೋಡುವ ಅಭ್ಯಾಸ ನನಗೆ ಅಲ್ಲಿಂದಲೇ ಬಂದಿದ್ದು. ಕೆಲಸಕ್ಕೆ ಸ್ಯಾನ್ ಹೊಸೆಗೆ ಬಂದಾಗ ಹಾಕಿ ಅನ್ನೋ ಹೆಸರು ನೋಡಿಯೇ ಶಾರ್ಕ್ಸ್ ಪಂದ್ಯಕ್ಕೆ ಹೋದೆ. ಎರಡೂ ಬೇರೆ ಬೇರೆ ಆಟ, ನಿಜ. ಇಲ್ಲಿ ಸ್ಟಿಕ್‌ನ ಎರಡೂ ಬದಿ ಬಳಸಬಹುದು, ಗೋಲಿನ ಹಿಂದೆಯೂ ಆಡಬಹುದು, ಮೈಮೇಲೆ ಬಿದ್ದು ಪಕ್ (ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆ) ಕಸಿದುಕೊಳ್ಳಬಹುದು. ಆದರೆ ಖಾಲಿ ಜಾಗ ಹುಡುಕುವ ಕಣ್ಣು ಒಂದೇ.

ತಂಡ ಯಾಕೆ ಹೀಗಾಯಿತು ಅನ್ನೋದನ್ನು ಮೊದಲು ತಿಳಿದುಕೊಂಡೆ. ಇದು ಬಹಳ ಮುಖ್ಯ. ಕಾರಣ ಗೊತ್ತಿಲ್ಲದಿದ್ದರೆ ಪ್ರತಿ ಸೋಲಿಗೂ ಯಾರನ್ನೋ ಬೈಯುತ್ತಾ ಕೂರುತ್ತೇವೆ. ಶಾರ್ಕ್ಸ್ ಬಹಳ ವರ್ಷ ಒಳ್ಳೆಯ ತಂಡವೇ ಆಗಿತ್ತು. ಜೋ ಥಾರ್ನ್‌ಟನ್, ಪ್ಯಾಟ್ರಿಕ್ ಮಾರ್ಲೋ, ಜೋ ಪವೆಲ್ಸ್ಕಿ, ಬ್ರೆಂಟ್ ಬರ್ನ್ಸ್ ಇದ್ದ ತಂಡ 2016ರಲ್ಲಿ ಲೀಗ್‌ನ ಕಪ್ ಆದ ಸ್ಟಾನ್ಲಿ ಕಪ್ ಫೈನಲ್ ತಲುಪಿ ಪಿಟ್ಸ್‌ಬರ್ಗ್ ಎದುರು ಸೋತಿತು. 2019ರ ಏಪ್ರಿಲ್‌ನಲ್ಲಿ ವೇಗಸ್ ವಿರುದ್ಧ ಏಳನೇ ಪಂದ್ಯ. ಮೂರನೇ, ಅಂದರೆ ಕೊನೆಯ ಪೀರಿಯಡ್‌ನಲ್ಲಿ 0-3 ಹಿಂದೆ. ಪವೆಲ್ಸ್ಕಿ ತಲೆಗೆ ಪೆಟ್ಟಾಗಿ ಮಂಜಿನ ಮೇಲೆ ರಕ್ತ. ಎದುರಾಳಿಗೆ ಐದು ನಿಮಿಷದ ಪೆನಾಲ್ಟಿ, ಅಷ್ಟು ಹೊತ್ತು ಅವರು ಒಬ್ಬ ಕಡಿಮೆ ಇಟ್ಟುಕೊಂಡು ಆಡಬೇಕು; ಆ ಒಂದೇ ಪವರ್ ಪ್ಲೇನಲ್ಲಿ ಶಾರ್ಕ್ಸ್ ನಾಲ್ಕು ಗೋಲು! ವೇಗಸ್ ಸಮ ಮಾಡಿತು, ಓವರ್‌ಟೈಮ್‌ನಲ್ಲಿ ಬಾರ್ಕ್ಲೇ ಗುಡ್ರೋ ಹೊಡೆದು ಗೆಲ್ಲಿಸಿದ. ಅವತ್ತು ಈ ಊರಲ್ಲಿ ಇದ್ದವರು ಯಾರೂ ಅದನ್ನು ಮರೆಯೋದಿಲ್ಲ.

ಅದೇ ಬೇಸಿಗೆಯಲ್ಲಿ ಎರಿಕ್ ಕಾರ್ಲ್‌ಸನ್‌ಗೆ ಎಂಟು ವರ್ಷಕ್ಕೆ 9.2 ಕೋಟಿ ಡಾಲರ್ ಒಪ್ಪಂದ ಆಯಿತು. ಬರ್ನ್ಸ್‌ಗೂ ಡಿಫೆನ್ಸ್‌ನ ಮಾರ್ಕ್-ಎಡ್ವರ್ಡ್ ವ್ಲಾಸಿಕ್‌ಗೂ ಆಗಲೇ ಉದ್ದುದ್ದ ಒಪ್ಪಂದಗಳಿದ್ದವು. ಈ ಲೀಗ್‌ನಲ್ಲಿ ಸ್ಯಾಲರಿ ಕ್ಯಾಪ್ ಇದೆ, ಮಾಲೀಕನ ಹತ್ತಿರ ಎಷ್ಟೇ ದುಡ್ಡಿದ್ದರೂ ಆಟಗಾರರ ಒಟ್ಟು ಸಂಬಳ ಒಂದು ಮಿತಿ ದಾಟುವಂತಿಲ್ಲ. ವಯಸ್ಸಾಗುತ್ತಿರುವವರಿಗೆ ಕ್ಯಾಪ್ ಹೋದರೆ ಹೊಸಬರಿಗೆ ಜಾಗ ಉಳಿಯೋದಿಲ್ಲ. ಅದರ ಮೇಲೆ ಕಾರ್ಲ್‌ಸನ್‌ನನ್ನು ಒಟ್ಟಾವದಿಂದ ತರುವಾಗ ಕೊಟ್ಟಿದ್ದ ಡ್ರಾಫ್ಟ್ ಆಯ್ಕೆ (ಹೊಸ ಹುಡುಗರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳೋದೇ ಡ್ರಾಫ್ಟ್) 2020ರಲ್ಲಿ ಮೂರನೇ ಸ್ಥಾನಕ್ಕೆ ಬಂತು. ಶಾರ್ಕ್ಸ್ ಸೋತು ಸೋತು ಗಳಿಸಿದ ಆ ಆಯ್ಕೆಯಲ್ಲಿ ಒಟ್ಟಾವ ತಂಡ ಟಿಮ್ ಸ್ಟುಟ್ಸ್ಲೆಯನ್ನು ತೆಗೆದುಕೊಂಡಿತು. ಇಷ್ಟು ಅರ್ಥವಾದ ಮೇಲೆ ನನಗೆ ಒಂದು ಸ್ಪಷ್ಟವಾಯಿತು. ಇದು ಒಂದು ಸೀಸನ್‌ನಲ್ಲಿ ಸರಿಹೋಗುವ ವಿಷಯವಲ್ಲ, ಕಂಬಳಿ ಹೊದ್ದು ಮಳೆಗಾಲ ಕಳೆಯುವ ಹಾಗೆ ವರ್ಷಗಟ್ಟಲೆ ಇರಬೇಕು.

ಇರೋದು ಅಂತ ತೀರ್ಮಾನವಾದ ಮೇಲೆ ಪಂದ್ಯ ನೋಡುವ ರೀತಿಯನ್ನೇ ಬದಲಾಯಿಸಿದೆ. ಹೊಸಬರೆಲ್ಲ ಪಕ್ ಹಿಂದೆ ಕಣ್ಣು ಓಡಿಸುತ್ತಾರೆ. ಅದು ಚಿಕ್ಕದು, ವೇಗ ಜಾಸ್ತಿ, ಸುಮ್ನೆ ಕಣ್ಣು ನೋಯುತ್ತದೆ. ಐಸ್ ಹಾಕಿಯಲ್ಲಿ ಒಬ್ಬ ಆಟಗಾರ ಒಂದು ಸಲಕ್ಕೆ ಮುಕ್ಕಾಲು ನಿಮಿಷದಷ್ಟು ಹೊತ್ತು ಆಡಿ ಬೆಂಚಿಗೆ ಬರುತ್ತಾನೆ. ಅದನ್ನು ಶಿಫ್ಟ್ ಅಂತಾರೆ. ನಾನು ಪೀರಿಯಡ್‌ಗೆ ಒಬ್ಬನನ್ನು ಆರಿಸಿಕೊಳ್ಳುತ್ತೇನೆ, ಅವನು ಬೋರ್ಡ್ ಹಾರಿ ಒಳಗೆ ಬಂದಾಗಿನಿಂದ ವಾಪಸ್ ಕೂರುವ ತನಕ ಅವನನ್ನು ಬಿಟ್ಟು ಬೇರೆ ಯಾರನ್ನೂ ನೋಡೋದಿಲ್ಲ, ಗೋಲಾದರೂ ಸರಿ. ವ್ಲಾಸಿಕ್‌ನನ್ನು ಹೀಗೆ ನೋಡಿಯೇ ನಾನು ಡಿಫೆನ್ಸ್ ಕಲಿತಿದ್ದು. ಕೊನೆಯ ವರ್ಷಗಳಲ್ಲಿ ಅವನ ಕಾಲಿನ ವೇಗ ಕಡಿಮೆಯಾಗಿತ್ತು. ಆದರೆ ಸ್ಟಿಕ್ ಎಲ್ಲಿಡಬೇಕು ಅನ್ನೋದು ಅವನಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಎದುರಾಳಿಯನ್ನು ಬೋರ್ಡ್ ಕಡೆಗೆ ತಳ್ಳಿ, ಪಾಸ್ ಹೋಗುವ ದಾರಿಯಲ್ಲಿ ಸ್ಟಿಕ್ ಚಾಚಿ ಕಾಯುತ್ತಿದ್ದ. ತಂಡ ಎಷ್ಟು ಗೋಲು ತಿಂದರೂ ಈ ಪಾಠ ಇದ್ದೇ ಇರುತ್ತದೆ.

ಎರಡನೆಯದು ಪುಸ್ತಕ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಅದರಲ್ಲಿ ಸ್ಕೋರ್ ಬರೆಯೋದಿಲ್ಲ. ಬ್ಲೂ ಲೈನ್ ದಾಟಿದ್ದನ್ನು ಮಾತ್ರ ಬರೆಯುತ್ತೇನೆ. ಎದುರಾಳಿಯ ಭಾಗಕ್ಕೆ ನುಗ್ಗಲು ಎರಡು ದಾರಿ: ಪಕ್ಕನ್ನು ಸ್ಟಿಕ್‌ನಲ್ಲೇ ಇಟ್ಟುಕೊಂಡು ಲೈನ್ ದಾಟೋದು, ಇಲ್ಲವೇ ಒಳಗೆ ಎಸೆದು ಹಿಂದೆ ಓಡೋದು. ಇಟ್ಟುಕೊಂಡು ದಾಟಿದರೆ ಶಾಟ್ ಹೊಡೆಯುವ ಅವಕಾಶ ಜಾಸ್ತಿ. ಎಸೆದು ಓಡುವ ತಂಡಕ್ಕೆ ಅದನ್ನು ಮತ್ತೆ ಗೆದ್ದುಕೊಳ್ಳುವ ಶಕ್ತಿ ಬೇಕು, ನಮ್ಮವರಿಗೆ ಆ ಶಕ್ತಿ ಇರಲಿಲ್ಲ. 2023-24ರ ನನ್ನ ಪುಸ್ತಕದಲ್ಲಿ ಎಸೆದ ಗೆರೆಗಳೇ ತುಂಬಿವೆ.

ಆ ಸೀಸನ್ ಶುರುವಾಗಿದ್ದು ಸತತ 11 ಸೋಲಿನಿಂದ. ನವೆಂಬರ್ 2ಕ್ಕೆ ವ್ಯಾಂಕೂವರ್ ನಮ್ಮ ಮನೆಯಂಗಳದಲ್ಲೇ 10-1ರಿಂದ ಹೊಡೆಯಿತು. ಎರಡು ದಿನ ಬಿಟ್ಟು ಪಿಟ್ಸ್‌ಬರ್ಗ್ ಬಂತು, 10-2. ಹಿಂದಿನ ಸೀಸನ್‌ನಲ್ಲಿ ನಮಗೇ ಆಡಿ 101 ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸ್ ಅಂದರೆ ಅಸಿಸ್ಟ್, ಎರಡೂ ಸೇರಿ) ಗಳಿಸಿ, ಲೀಗ್‌ನ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ ಗೆದ್ದಿದ್ದ ಕಾರ್ಲ್‌ಸನ್ ಅವತ್ತು ಪಿಟ್ಸ್‌ಬರ್ಗ್ ಜೆರ್ಸಿಯಲ್ಲಿದ್ದ. ಆಗಸ್ಟ್‌ನಲ್ಲಿ ಅವನನ್ನು ಅಲ್ಲಿಗೆ ಕೊಟ್ಟಾಗಿತ್ತು. ನವೆಂಬರ್ 7ಕ್ಕೆ ಫಿಲಡೆಲ್ಫಿಯಾ ವಿರುದ್ಧ 2-1ರ ಗೆಲುವು, ಸೀಸನ್‌ನ ಮೊದಲನೆಯದು. ಕೊನೆಯ ನಿಮಿಷದಲ್ಲಿ ಅರೀನಾದಲ್ಲಿ ಎದ್ದ ಸದ್ದು, ನಾನು ಪ್ಲೇಆಫ್ ಪಂದ್ಯಗಳಲ್ಲಿ ಕೇಳಿದ್ದಕ್ಕೆ ಏನೂ ಕಡಿಮೆ ಇರಲಿಲ್ಲ.

ನನ್ನ ಪಕ್ಕದ ಸೀಟಿಗೆ ಬರುವ ಒಬ್ಬ ಹಿರಿಯ ಮಹಿಳೆ ತಂಡ ಶುರುವಾದ 1991ರಿಂದ ನೋಡುತ್ತಿದ್ದಾರೆ. ಆಗ ಸ್ಯಾನ್ ಹೊಸೆಯಲ್ಲಿ ಅರೀನಾನೇ ಇರಲಿಲ್ಲ, ಡೇಲಿ ಸಿಟಿಯ ಕೌ ಪ್ಯಾಲೇಸ್‌ನಲ್ಲಿ ಆಡುತ್ತಿದ್ದರು. 1992-93ರಲ್ಲಿ 84 ಪಂದ್ಯಗಳಲ್ಲಿ 71 ಸೋಲು. ಆ ಲೀಗ್‌ನ ಇತಿಹಾಸದಲ್ಲೇ ಒಂದು ಸೀಸನ್‌ನಲ್ಲಿ ಅಷ್ಟು ಸೋತ ತಂಡ ಇನ್ನೊಂದಿಲ್ಲ. ಮುಂದಿನ ವರ್ಷವೇ ಹೊಸ ಅರೀನಾಗೆ ಬಂದು, ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಡೆಟ್ರಾಯ್ಟ್‌ನಂಥ ದೊಡ್ಡ ತಂಡವನ್ನು ಏಳನೇ ಪಂದ್ಯದಲ್ಲಿ ಮನೆಗೆ ಕಳಿಸಿದರು. ಇಂಥವರ ಪಕ್ಕ ಕೂರಬೇಕು. ಹತ್ತು ಗೋಲು ತಿಂದ ದಿನವೂ ಅವರು ಕೊನೆಯ ಹಾರ್ನ್ ಆಗುವ ತನಕ ಏಳಲಿಲ್ಲ.

ಇನ್ನು ಒಂದು ಜಗಳದ ವಿಷಯ. ಕೊನೆಗೆ ನಿಂತ ತಂಡಕ್ಕೆ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಸಿಗುವ ಅವಕಾಶ ಹೆಚ್ಚು, ಹಾಗಾಗಿ ಸೋತರೇ ಒಳ್ಳೆಯದು ಅಂತ ಹೇಳುವ ಅಭಿಮಾನಿಗಳು ಬಹಳ. ಮಾರ್ಚ್ ತಿಂಗಳು ಬಂದರೆ ಸಾಕು, ಗೆದ್ದ ದಿನ ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. ನಾನು ಇದನ್ನು ಒಪ್ಪೋದಿಲ್ಲ. ಒಳ್ಳೆಯ ಆಟಗಾರರನ್ನು ಕೊಟ್ಟು ಮುಂದಿನ ಆಯ್ಕೆಗಳನ್ನು ಕೂಡಿಹಾಕೋದು ಮ್ಯಾನೇಜರ್ ಮೈಕ್ ಗ್ರಿಯರ್ ಕೆಲಸ, ಅದು ಲೆಕ್ಕಾಚಾರ, ಸರಿ. ತೋಮಾಶ್ ಹೆರ್ಟಲ್‌ನನ್ನು ವೇಗಸ್‌ಗೆ ಕೊಟ್ಟಾಗ ನನಗೆ ಅಳು ಬಂದರೂ ಕಾರಣ ಅರ್ಥವಾಯಿತು. ಆದರೆ ಮಂಜಿನ ಮೇಲೆ ಇರುವವನು ಯಾರು? ಕೆಳಗಿನ ಲೀಗ್‌ನಿಂದ ಬಂದು, ಮುಂದಿನ ವರ್ಷ ಕೆಲಸ ಇರುತ್ತೋ ಇಲ್ವೋ ಗೊತ್ತಿಲ್ಲದೆ ಶಾಟ್‌ಗೆ ಮೈ ಕೊಟ್ಟು ತಡೆಯುವ ಹುಡುಗ. ರಾತ್ರಿಗೆ ನಲವತ್ತು ಶಾಟ್ ಎದುರಿಸುವ ಗೋಲಿ. ಅವನು ಸೋಲಲಿ ಅಂತ ನಾನು ಹೇಗೆ ಬಯಸಲಿ? ಲೆಕ್ಕ ನೋಡಿದರೂ ಅಷ್ಟೇ. ಮೊದಲ ಆಯ್ಕೆ ಯಾರಿಗೆ ಅಂತ ಲಾಟರಿ ಎತ್ತುತ್ತಾರೆ, ಕೊನೆಯ ಸ್ಥಾನದ ತಂಡಕ್ಕೆ ಅದು ಸಿಗುವ ಸಾಧ್ಯತೆ ಶೇ 25.5 ಮಾತ್ರ. 2024ರಲ್ಲಿ ನಮಗೆ ಲಾಟರಿ ಹತ್ತಿತು, ಮ್ಯಾಕ್ಲಿನ್ ಸೆಲಬ್ರಿನಿ ಬಂದ. 2025ರಲ್ಲೂ ಕೊನೆಗೆ ನಿಂತೆವು, ಆಗ ಲಾಟರಿಯ ಸಾಲಿನಲ್ಲಿ ಹತ್ತನೆಯವರಾಗಿದ್ದ ನ್ಯೂಯಾರ್ಕ್ ಐಲ್ಯಾಂಡರ್ಸ್ ಮೇಲೆ ಹಾರಿ ಮೊದಲ ಆಯ್ಕೆ ಹೊಡೆದುಕೊಂಡರು.

ಸೆಲಬ್ರಿನಿ ಬಗ್ಗೆ ಹೇಳಲೇಬೇಕು. ಹುಟ್ಟಿದ್ದು 2006ರಲ್ಲಿ, ವ್ಯಾಂಕೂವರ್ ಕಡೆಯವನು. ಅಪ್ಪ ವಾರಿಯರ್ಸ್ ತಂಡದ ವೈದ್ಯಕೀಯ ವಿಭಾಗದ ಮುಖ್ಯಸ್ಥ. (ನನ್ನ ವಾರಿಯರ್ಸ್ ಗೆಳೆಯರು ಹಾಕಿ ಕಡೆ ತಿರುಗಿ ನೋಡಿದ್ದು ಇದು ಗೊತ್ತಾದ ಮೇಲೆ.) ಹುಡುಗನಾಗಿದ್ದಾಗ ಇದೇ ಊರಿನ ಜೂನಿಯರ್ ಶಾರ್ಕ್ಸ್‌ನಲ್ಲಿ ಆಡಿದವನು. 2024ರ ಅಕ್ಟೋಬರ್ 10ರ ಮೊದಲ ಪಂದ್ಯದಲ್ಲೇ ಒಂದು ಗೋಲು, ಒಂದು ಅಸಿಸ್ಟ್. ತಂಡ ಓವರ್‌ಟೈಮ್‌ನಲ್ಲಿ 5-4ರಿಂದ ಸೋತಿತು, ಅವನಿಗೆ ಗಾಯವಾಗಿ 12 ಪಂದ್ಯ ಹೊರಗೆ ಕೂತ. ಮೊದಲ ಒಂಬತ್ತು ಪಂದ್ಯಗಳಲ್ಲಿ ಗೆಲುವೇ ಇಲ್ಲ. ಆದರೆ ಅವನು ವಾಪಸ್ ಬಂದ ಮೇಲೆ ನನ್ನ ಪುಸ್ತಕ ಬದಲಾಯಿತು! ಬ್ಲೂ ಲೈನ್ ಹತ್ತಿರ ಎಸೆಯುತ್ತಿದ್ದ ಪಕ್ಕನ್ನು ಅವನು ಇಟ್ಟುಕೊಂಡು ಒಳಗೆ ಹೋಗುತ್ತಿದ್ದ, ಅವನ ಜೊತೆ ಆಡುವ ವಿಲ್ ಸ್ಮಿತ್ ಕೂಡ ನಿಧಾನವಾಗಿ ಹಾಗೇ ಮಾಡತೊಡಗಿದ. 70 ಪಂದ್ಯಗಳಲ್ಲಿ ಸೆಲಬ್ರಿನಿ ಗಳಿಸಿದ್ದು 63 ಪಾಯಿಂಟ್. ಪಟ್ಟಿಯಲ್ಲಿ ನೋಡಿದರೆ 19 ಗೆಲುವು 20 ಆಯಿತು, ಅಷ್ಟೇ. ಆದರೆ ಹಿಂದಿನ ವರ್ಷ ನೋಡಿದ ತಂಡ ಅದಲ್ಲ ಅಂತ ನನಗೆ ಜನವರಿ ಹೊತ್ತಿಗೇ ಗೊತ್ತಿತ್ತು.

ಆ ಡಿಸೆಂಬರ್‌ನಲ್ಲಿ ಊರಿಗೆ ಹೋಗಿದ್ದೆ. ಇಲ್ಲಿ ಸಂಜೆ ಏಳೂವರೆಗೆ ಶುರುವಾಗುವ ಪಂದ್ಯ ಚಳಿಗಾಲದಲ್ಲಿ ಊರಲ್ಲಿ ಬೆಳಗ್ಗೆ ಒಂಬತ್ತಕ್ಕೆ. ತಿಂಡಿ ತಟ್ಟೆ ಹಿಡಿದುಕೊಂಡೇ ಅಪ್ಪ ಲ್ಯಾಪ್‌ಟಾಪ್ ಮುಂದೆ ಕೂತರು. ಅವರು ಕಾಲೇಜಿನಲ್ಲಿ ಸೆಂಟರ್ ಹಾಫ್ ಆಡಿದವರು.

"ಪಕ್ಕೇ ಕಾಣಲ್ವಲ್ಲೋ ಇದರಲ್ಲಿ."

"ಅದನ್ನ ನೋಡ್ಬೇಡಿ ಅಪ್ಪ. 71 ನಂಬರ್ ಹುಡುಗ ಇದಾನಲ್ಲ, ಅವನನ್ನೇ ನೋಡಿ."

ಎರಡು ಶಿಫ್ಟ್ ಸುಮ್ಮನೆ ನೋಡಿದರು. "ಪಾಸ್ ಬರೋಕ್ ಮುಂಚೆನೇ ಎರಡೂ ಕಡೆ ತಿರುಗಿ ನೋಡ್ಕೋತಾನೆ ಕಣೋ. ನಮ್ಮ ಕೋಚ್ ಇದೊಂದಕ್ಕೇ ನಮ್ಮನ್ನ ಬೈತಿದ್ರು." ಆಮೇಲೆ ಅವರೇ ಬೇರೆ ಬೇರೆ ನಂಬರ್ ಹೇಳಿ, ಇವನು ನೋಡಲ್ಲ, ಇವನು ನೋಡ್ತಾನೆ ಅಂತ ಬೇರ್ಪಡಿಸತೊಡಗಿದರು. ನಾನು ಅಷ್ಟು ಸೀಸನ್ ನೋಡಿಯೂ ಅದನ್ನು ಬರೆದಿಟ್ಟಿರಲಿಲ್ಲ. ಈಗ ಪುಸ್ತಕದಲ್ಲಿ ಅದಕ್ಕೂ ಒಂದು ಕಾಲಂ ಇದೆ.

ಐಪಿಎಲ್ ನೋಡುವವರಿಗೆ ಇದೆಲ್ಲ ಹೊಸದಲ್ಲ ಅಲ್ವಾ? ಆರ್‌ಸಿಬಿ 2009, 2011, 2016ರಲ್ಲಿ ಫೈನಲ್ ಸೋತು 2025ರಲ್ಲಿ ಗೆದ್ದಿತು, ಅಲ್ಲಿ ತನಕ ಕಾದವರು ನಾವೇ. ಆದರೆ ಅಲ್ಲಿ ದೊಡ್ಡ ಹರಾಜು ಬಂದರೆ ತಂಡವೇ ಹೊಸದಾಗುತ್ತದೆ. ಇಲ್ಲಿ ಹದಿನೆಂಟರ ಹುಡುಗನನ್ನು ತಂದು ಅವನು ದೊಡ್ಡವನಾಗೋದನ್ನು ಕಾಯಬೇಕು, ಹಾಗಾಗಿ ಕೆಳಗಿನ ಲೀಗ್ ನೋಡೋದು ನನಗೆ ಅಷ್ಟೇ ಮುಖ್ಯ. ಶಾರ್ಕ್ಸ್‌ನ ಎರಡನೇ ತಂಡ ಬಾರಕೂಡಾ ಇದೇ ಊರಲ್ಲಿ, ಟೆಕ್ ಸಿಯು ಅರೀನಾದಲ್ಲಿ ಆಡುತ್ತದೆ. ಚಿಕ್ಕ ಜಾಗ, ಎಲ್ಲಿ ಕೂತರೂ ಸ್ಕೇಟ್ ಮಂಜು ಕೆರೆಯುವ ಸದ್ದು ಕೇಳುತ್ತದೆ. ದೊಡ್ಡ ತಂಡದ ಅಭ್ಯಾಸವೂ ಅದೇ ಕಟ್ಟಡದ ಪಕ್ಕದ ರಿಂಕ್‌ನಲ್ಲಿ. ಅಲ್ಲಿ ಕೋಚ್ ರಯನ್ ವಾರ್ಸೋಫ್ಸ್ಕಿ ಒಂದೇ ಪಾಸನ್ನು ಮತ್ತೆ ಮತ್ತೆ ಮಾಡಿಸುತ್ತಿರುತ್ತಾರೆ. ಎರಡು ವಾರ ಬಿಟ್ಟು ಅದೇ ಪಾಸ್ ಪಂದ್ಯದಲ್ಲಿ ಬಂದಾಗ ನಾನು, ನನ್ನ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ.

2025ರ ಎರಡನೇ ಆಯ್ಕೆಯಲ್ಲಿ ಮೈಕಲ್ ಮಿಸಾ ಬಂದಿದ್ದಾನೆ, ಅವನ ಹೆಸರಿಗೆ ಪುಟ ತೆರೆದಿಟ್ಟಿದ್ದೇನೆ. ಯಾರಿಗಾದರೂ ಒಂದು ಸಲ ಬಂದು ನೋಡಬೇಕು ಅನ್ನಿಸಿದರೆ ವಾರದ ಮಧ್ಯದ ಪಂದ್ಯಕ್ಕೆ ಬನ್ನಿ, ಟಿಕೆಟ್ ಕಡಿಮೆಗೆ ಸಿಗುತ್ತದೆ. ಕ್ಯಾಲ್‌ಟ್ರೇನ್‌ನಲ್ಲಿ ಡಿರಿಡಾನ್ ಸ್ಟೇಷನ್‌ಗೆ ಬಂದರೆ ಅರೀನಾ ಎದುರಿಗೇ ಇದೆ. ಗಾಜಿನ ಪಕ್ಕದ ಸೀಟಿಗೆ ದುಡ್ಡು ಸುರಿಯಬೇಡಿ. ಗೋಲಿನ ಹಿಂದೆ, ಮೇಲಿನ ಸಾಲಿನಲ್ಲಿ ಕೂತರೆ ಗೋಲಿಗಳನ್ನು ಬಿಟ್ಟು ಹತ್ತೂ ಆಟಗಾರರು ಎಲ್ಲಿದ್ದಾರೆ, ಜಾಗ ಎಲ್ಲಿ ತೆರೆಯುತ್ತದೆ ಅಂತ ಚೆನ್ನಾಗಿ ಕಾಣುತ್ತದೆ. ಒಂದು ಸ್ವೆಟರ್ ತನ್ನಿ, ಮಕ್ಕಳಿದ್ದರೆ ಅರ್ಧ ಗಂಟೆ ಮುಂಚೆ ಬಂದು ವಾರ್ಮ್‌ಅಪ್ ತೋರಿಸಿ.