ಕೆಲಸ ಹೋದ ಮೇಲೆ ಎಚ್‌ಆರ್ ಮುಂದೆ ಕೂರುವಾಗ

ಕೆಲಸ ಹೋಯಿತೆಂದು ತಿಳಿಸಿದ ಮೇಲೂ ಕಂಪನಿಯವರು ಎರಡು ಮೂರು ಸಲ ಕರೆಯುತ್ತಾರೆ: ಮೊದಲು ರಾಜೀನಾಮೆ ಬರೆಸಿಕೊಳ್ಳಲು, ಆಮೇಲೆ ಲ್ಯಾಪ್‌ಟಾಪ್ ಒಪ್ಪಿಸಿಕೊಳ್ಳಲು, ಕೊನೆಗೆ ಲೆಕ್ಕ ಚುಕ್ತಾ ಮಾಡಲು. ಮೂರಕ್ಕೂ ನಾನು ಇಟ್ಟುಕೊಂಡ ನಿಯಮ ಒಂದೇ. ಕೋಣೆಯಲ್ಲಿ ಕೂತು ಯಾವುದಕ್ಕೂ ಒಪ್ಪಿಗೆಯ ಸಹಿ ಇಲ್ಲ. ಅಲ್ಲಿ ಆಡಿದ ಮಾತು ಅದೇ ಸಂಜೆ ಮೇಲ್ ಆಗಿ ಹೋಗಬೇಕು.

ಪೋರ್ಟಲ್ ಲಾಗಿನ್ ಕೆಲವೊಮ್ಮೆ ಮೀಟಿಂಗ್ ನಡೆಯುತ್ತಿರುವಾಗಲೇ ಬಂದ್ ಆಗುತ್ತದೆ. ಹಾಗಾಗಿ ಆಫರ್ ಲೆಟರ್, ಕೊನೆಯ ಸಂಬಳ ಪರಿಷ್ಕರಣೆಯ ಪತ್ರ, ಒಂದು ವರ್ಷದ ಪೇಸ್ಲಿಪ್, ಸಂಬಳದಿಂದ ಕಡಿದ ತೆರಿಗೆಯ ಫಾರ್ಮ್ 16, ಬಾಕಿ ರಜೆಯ ಸ್ಕ್ರೀನ್‌ಶಾಟ್ ಮೊದಲೇ ಇಳಿಸಿಕೊಂಡಿದ್ದೆ. ಕಂಪನಿಯ ಕೆಲಸದ ಫೈಲ್ ಒಂದನ್ನೂ ಮುಟ್ಟಬಾರದು, ನಾಳೆ ಅದನ್ನೇ ಆರೋಪ ಮಾಡುತ್ತಾರೆ.

‘ನೀವೇ ರಿಸೈನ್ ಮಾಡಿದ್ರೆ ರೆಕಾರ್ಡ್ ಕ್ಲೀನ್ ಇರುತ್ತೆ’ ಎಂಬ ಮಾತು ಬಂದೇ ಬರುತ್ತದೆ. ‘ಮೇಡಂ, ಇದನ್ನೇ ಮೇಲ್‌ನಲ್ಲಿ ಕಳಿಸಿ, ಯೋಚಿಸಿ ಉತ್ತರ ಕೊಡ್ತೀನಿ’ ಎಂದರೆ ಸಾಕು, ವಾದ ಬೇಡ. ರಾಜೀನಾಮೆ ಬರೆದುಕೊಟ್ಟರೆ ಕಂಪನಿಯೇ ಕೆಲಸದಿಂದ ತೆಗೆದದ್ದಕ್ಕೆ ಸಿಗುವ ಪರಿಹಾರ, ಅಂದರೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ, ಕೇಳುವ ದಾರಿ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ. ಹಾಗಂತ ರಾಜೀನಾಮೆ ಯಾವಾಗಲೂ ನಷ್ಟವೇನಲ್ಲ. ಮ್ಯಾನೇಜರ್ ಕೆಲಸದಲ್ಲಿದ್ದವರಿಗೆ ಆ ಪರಿಹಾರ ಸಿಗುವುದು ಕಷ್ಟ. ಅಂಥವರು ಎರಡು ಮೂರು ತಿಂಗಳ ಸಂಬಳಕ್ಕೆ ಒಪ್ಪುವುದೇ ಮೇಲು. ಆದರೆ ಮೊತ್ತ ಮತ್ತು ತಾರೀಕು ಬರಹದಲ್ಲಿ ಬಂದಮೇಲೆ ಮಾತ್ರ ರಾಜೀನಾಮೆ.

ಪತ್ರ ಕೈಗಿತ್ತು ‘ಅಕ್ನಾಲೆಜ್ ಮಾಡಿ’ ಎಂದರೆ, ಸಹಿಯ ಕೆಳಗೆ ‘ಪ್ರತಿ ತಲುಪಿದೆ, ಒಪ್ಪಿಗೆಯಲ್ಲ’ ಎಂದು ಬರೆದು ತಾರೀಕು ಹಾಕಿ, ಅಲ್ಲೇ ಫೋಟೊ ತೆಗೆದುಕೊಳ್ಳಿ.

ನಿಜವಾದ ಕೆಲಸ ಇರುವುದು ಚುಕ್ತಾ ಲೆಕ್ಕದ ಹಾಳೆಯಲ್ಲಿ. ಒಟ್ಟು ಮೊತ್ತ ನೋಡಿ ತಲೆಯಾಡಿಸಬೇಡಿ, ಸಾಲುಸಾಲಾಗಿ ಕೇಳಿ. ನೋಟಿಸ್ ಅವಧಿಯ ಸಂಬಳ ಬೇಸಿಕ್ (ಮೂಲ ವೇತನ) ಮೇಲೋ, ಪೂರ್ತಿ ಸಂಬಳದ ಮೇಲೋ? ಆಫರ್ ಲೆಟರ್‌ನ ಆ ಸಾಲನ್ನು ಬೆರಳಿಟ್ಟು ತೋರಿಸಿ. ತೆಗೆದವರು ಅವರೇ ಆಗಿದ್ದರೂ ನೋಟಿಸ್ ಕೊಡದೆ ನಾವೇ ಬಿಟ್ಟುಹೋದಂತೆ ‘ನೋಟಿಸ್ ರಿಕವರಿ’ ಎಂದು ಕಳೆದಿರುತ್ತಾರೆ, ಸಾಫ್ಟ್‌ವೇರ್ ತಾನಾಗಿ ಹಾಕಿದ್ದಂತೆ! ಗ್ರ್ಯಾಚುಟಿಯಲ್ಲಿ, ಅಂದರೆ ಸೇವೆಯ ವರ್ಷಗಳ ಲೆಕ್ಕದಲ್ಲಿ ಬರುವ ಇಡುಗಂಟಿನಲ್ಲಿ, ತಪ್ಪುವುದು ವರ್ಷದ ಎಣಿಕೆ. ಬೇಸಿಕ್, ಡಿಎ (ತುಟ್ಟಿಭತ್ಯೆ) ಸೇರಿ ತಿಂಗಳಿಗೆ 52,000, ಸೇವೆ 6 ವರ್ಷ 8 ತಿಂಗಳು ಎಂದಿಟ್ಟುಕೊಳ್ಳಿ. ಆರು ತಿಂಗಳು ಮೀರಿದ್ದರಿಂದ 7 ವರ್ಷವೆಂದೇ ಲೆಕ್ಕ: 52,000ವನ್ನು 26ರಿಂದ ಭಾಗಿಸಿ, 15ರಿಂದ, ಮತ್ತೆ 7ರಿಂದ ಗುಣಿಸಿದರೆ 2,10,000. ಹಾಳೆಯಲ್ಲಿ 1,80,000 ಕಂಡರೆ ಒಂದು ವರ್ಷ ಬಿಟ್ಟಿದ್ದಾರೆ ಎಂದರ್ಥ.

ಹಣ ಯಾವಾಗ ಎಂದರೆ ‘45 ದಿನ, ಕಂಪನಿ ಪಾಲಿಸಿ’ ಎನ್ನುತ್ತಾರೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಬರಬೇಕು. ಗ್ರ್ಯಾಚುಟಿಗೆ 30 ದಿನ. ಮೇಲ್‌ನಲ್ಲಿ ಇಷ್ಟನ್ನೇ ಬರೆಯಿರಿ, ಬೆದರಿಕೆಯ ಧಾಟಿ ಬೇಡ. ‘ಎಲ್ಲ ಬಾಕಿ ಸಂದಿದೆ’ ಎಂಬ ಕಾಗದಕ್ಕೆ ಸಹಿ, ಹಣ ಖಾತೆಗೆ ಬಿದ್ದ ಮೇಲೆ.

ಏಳುವ ಮುಂಚೆ ಎರಡು ಪ್ರಶ್ನೆ: ಗುಂಪು ಆರೋಗ್ಯ ವಿಮೆ ಯಾವತ್ತಿಗೆ ಮುಗಿಯುತ್ತದೆ, ಪಿಎಫ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ಏನು ಹಾಕುತ್ತೀರಿ? ದಿನಾಂಕ ತಪ್ಪಾಗಿ ಮುಂದಿನ ಕಂಪನಿಗೆ ಸೇರಿದ ದಿನದ ಆಚೆಗೆ ಹೋದರೆ ಪಿಎಫ್ ವರ್ಗಾವಣೆಗೆ ತೊಡಕಾಗಬಹುದು. ಹಾಕದೇ ಬಿಟ್ಟರೆ, ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಪಿಎಫ್‌ನ ಯುಎಎನ್ (ಸದಸ್ಯರ ಖಾತೆ ಸಂಖ್ಯೆ) ಪೋರ್ಟಲ್‌ನಲ್ಲಿ ನಾವೇ ಹಾಕಿಕೊಳ್ಳಬಹುದು.