ಮಂಗಳೂರಿನ ಮಳೆ, ನನ್ನ ಮೊಳಕೆಕಾಳು

ಹಾಸನದ ನಮ್ಮ ಮನೆಯಲ್ಲಿ ಅಮ್ಮ ಹೆಸರುಕಾಳು ನೆನೆಸಿ, ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಮೇಲೊಂದು ಗುಂಡುಕಲ್ಲು ಹೇರಿಟ್ಟು ಮರೆತೇಬಿಡುತ್ತಿದ್ದರು. ಮರುದಿನ ಬಟ್ಟೆ ತೂರಿಕೊಂಡು ಬಿಳೀ ಮೊಳಕೆ ಇಣುಕುತ್ತಿತ್ತು. ಮದುವೆಯಾಗಿ ಮಂಗಳೂರಿಗೆ ಬಂದ ಮೊದಲ ಜುಲೈನಲ್ಲಿ ಬಿಜೈಯ ಫ್ಲ್ಯಾಟಿನಲ್ಲಿ ನಾನೂ ಹಾಗೇ ಮಾಡಿದೆ. ಎರಡನೇ ದಿನ ಗಂಟು ಬಿಚ್ಚಿದರೆ ಕಾಳಿಗೆಲ್ಲ ಲೋಳೆ, ಹುಳಿಬಂದ ಹಿಟ್ಟಿನ ವಾಸನೆ. ತೊಳೆದು ಒಗ್ಗರಣೆ ಹಾಕಿದರೆ ಸರಿಹೋದೀತು ಅಂದುಕೊಂಡೆ, ಮೂಗು ಒಪ್ಪಲಿಲ್ಲ. ಅಷ್ಟೂ ಕಾಳು ತೆಂಗಿನ ಬುಡಕ್ಕೆ ಹೋಯಿತು.

ಕೆಳಮನೆಯ ಅಕ್ಕ ನಕ್ಕರು. "ಇಲ್ಲಿ ಎಂತಕ್ಕೆ ಗಂಟು ಕಟ್ಟುದು ಮಾರಾಯ್ತಿ? ಮಳೆಗಾಲದಲ್ಲಿ ಬೈರಾಸೇ ಒಣಗುದಿಲ್ಲ." ಬೈರಾಸ ಅಂದರೆ ಇಲ್ಲಿ ಮೈ ಒರೆಸುವ ಟವೆಲು.

ಅಲ್ಲೇ ಇತ್ತು ಎಡವಟ್ಟು. ಒಣಗಾಳಿಯ ಊರಲ್ಲಿ ಒದ್ದೆ ಬಟ್ಟೆ ಕಾಳನ್ನು ಕಾಯುತ್ತದೆ, ಇಲ್ಲಿ ಅದೇ ಬಟ್ಟೆ ಕಾಳಿನ ಉಸಿರು ಕಟ್ಟುತ್ತದೆ. ಮೊಳೆಯುವ ಕಾಳಿಗೆ ನೀರಿನಷ್ಟೇ ಗಾಳಿಯೂ ಬೇಕು.

ಈಗ ರಾತ್ರಿ ಒಂದು ಲೋಟ ಕಾಳಿಗೆ ಮೂರು ಲೋಟ ನೀರು ಹಾಕಿ 8 ಗಂಟೆ ನೆನೆಸುತ್ತೇನೆ. ಅದಕ್ಕೂ ಮೊದಲು ಒಡಕಲು ಕಾಳು ಆರಿಸುತ್ತೇನೆ. ಅವು ಮೊಳೆಯುವುದಿಲ್ಲ, ಕೊಳೆತು ಪಕ್ಕದ್ದನ್ನೂ ಹಾಳುಮಾಡುತ್ತವೆ. ಬೆಳಿಗ್ಗೆ ತೊಳೆದು ತೂತಿನ ಪಾತ್ರೆಗೆ ಸುರಿದು, ಒಂದು ಬದಿಗೆ ಚಮಚ ಕೊಟ್ಟು ಓರೆಯಾಗಿ ನಿಲ್ಲಿಸುತ್ತೇನೆ. ಸಪಾಟಾಗಿ ಇಟ್ಟರೆ ತಳದ ಅಂಚಿನಲ್ಲಿ ಒಂದು ಎಳೆ ನೀರು ನಿಂತೇ ನಿಲ್ಲುತ್ತದೆ, ಲೋಳೆ ಶುರುವಾಗುವುದು ಅಲ್ಲಿಂದಲೇ. ಓರೆ ಮಾಡಿದ ಮೇಲೂ ಹತ್ತು ನಿಮಿಷ ಟಪ್ ಟಪ್ ಅಂತ ಹನಿ ಬೀಳುತ್ತಿರುತ್ತದೆ. ಅದು ನಿಂತ ಮೇಲೆ ತೆಳುಬಟ್ಟೆ ಹೊದಿಸುವುದು, ಮುಚ್ಚಳ ಬೇಡವೇ ಬೇಡ. ಸಂಜೆ ಇನ್ನೊಮ್ಮೆ ತೊಳೆದು ಬಸಿಯಬೇಕು, ಏಪ್ರಿಲ್–ಮೇ ಸೆಕೆಯಲ್ಲಿ ಮಧ್ಯಾಹ್ನವೂ. ಒಂದು ದಿನಕ್ಕೆ ಅರ್ಧ ಇಂಚು ಮೊಳಕೆ, ನನಗೆ ಅಷ್ಟು ಸಾಕು. ಹೋಟೆಲಿನ ನೂಡಲ್ಸಿನಲ್ಲಿ ಸಿಗುವಂಥ ಉದ್ದನೆಯ ಬಿಳೀ ಮೊಳಕೆಗೆ ಕತ್ತಲಲ್ಲಿ ಭಾರ ಹೇರಿ ನಾಲ್ಕೈದು ದಿನ ಕಾಯಬೇಕು. ಒಮ್ಮೆ ನೋಡಿ ಕೈಬಿಟ್ಟೆ.

ಹುರುಳಿ ಹಟಮಾರಿ. 12 ಗಂಟೆ ನೆನೆಸಿದರೂ ಕೆಲವು ಕಾಳು ಉಬ್ಬದೆ, ಸಣ್ಣಗೆ ಹೊಳೆಯುತ್ತ ಉಳಿದುಬಿಡುತ್ತವೆ. ಸಿಪ್ಪೆ ಗಟ್ಟಿಯಾಗಿ ನೀರು ಒಳಗೇ ಇಳಿದಿರುವುದಿಲ್ಲ. ಬೇಯಿಸಿದರೂ ಹಲ್ಲಿಗೆ ಕಲ್ಲಿನಂತೆ ಸಿಗುತ್ತವೆ, ಹಾಗಾಗಿ ನೆನೆದ ಮೇಲೆ ತಟ್ಟೆಯಲ್ಲಿ ಹರಡಿ ಹೆಕ್ಕಿ ತೆಗೆಯುತ್ತೇನೆ. ಮೊಳಕೆಗೆ ಎರಡು ದಿನ ಬೇಕು.

ಮೊದಲೆಲ್ಲ ನಿಂಬೆರಸ ಹಿಂಡಿ ಹಸಿಯಾಗಿಯೇ ತಿನ್ನುತ್ತಿದ್ದೆ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಇ. ಕೋಲಿ ಎಂಬ ರೋಗಾಣು ಹರಡಿ 50ಕ್ಕೂ ಹೆಚ್ಚು ಜನ ಸತ್ತದ್ದನ್ನು ಓದಿದ ಮೇಲೆ ಬಿಟ್ಟೆ. ರೋಗಾಣು ಬೀಜದಲ್ಲೇ ಇದ್ದರೆ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ, ಮೊಳಕೆಗೆ ಹಿತವಾದ ಸೆಕೆ–ತೇವ ಅದಕ್ಕೂ ಹಿತವೇ. ಬೇಯಿಸಿದರೆ ಮೊಳಕೆಯ ಸಿ ಜೀವಸತ್ವ ಸ್ವಲ್ಪ ಕಳೆದುಹೋಗುತ್ತದೆ, ಹೋಗಲಿ. ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗಂತೂ ಹಸಿ ಕೊಡುವುದೇ ಇಲ್ಲ.

ಹೆಸರುಕಾಳಿಗೆ ಅಕ್ಕ ತುಳುವಿನಲ್ಲಿ 'ಪದೆಂಗಿ' ಅನ್ನುತ್ತಾರೆ, ಉಪ್ಕರಿ ಅನ್ನುವ ಇಲ್ಲಿಯ ಪಲ್ಯ ಕಲಿಸಿದ್ದೂ ಅವರೇ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಕರಿಬೇವು ಸಿಡಿಸಿ, ಮೊಳಕೆಗೆ ಉಪ್ಪು ಮತ್ತು ಸ್ವಲ್ಪ ನೀರು ಹಾಕಿ, ಮುಚ್ಚಿ ಬೇಯಿಸಿ, ಕೊನೆಗೆ ತೆಂಗಿನತುರಿ. ಕುಕ್ಕರಿನಲ್ಲಿಟ್ಟರೆ ಮುದ್ದೆಯಾಗುತ್ತದೆ. ಕುಚ್ಚಲಕ್ಕಿ ಗಂಜಿಗೆ ಇದೊಂದಿದ್ದರೆ ನನಗೆ ಬೇರೆ ಪಲ್ಯ ಬೇಡ. ಚೂರು ಬೆಲ್ಲ ಹಾಕಲೇಬೇಕು ಅಂತ ಅಕ್ಕನ ಹಟ. ಆ ವಿಷಯದಲ್ಲಿ ಮಾತ್ರ ನಾನಿನ್ನೂ ಹಾಸನದವಳೇ, ಅವರು ಮೇಲೆ ಬರದ ದಿನ ಬೆಲ್ಲ ಬಿಟ್ಟುಬಿಡುತ್ತೇನೆ.